ಎದುರಾಳಿಗಳೂ ಚಪ್ಪಾಳೆ ತಟ್ಟಿದ ಗೋಲ್‌ಕೀಪರ್: ಎಸ್ಟೋನಿಯಾದ ಮಾರ್ಟ್ ಪೂಮ್

ಇಂಗ್ಲೆಂಡಿನ ಡರ್ಬಿ ನಗರದ ಪ್ರೈಡ್ ಪಾರ್ಕ್ ಕ್ರೀಡಾಂಗಣ. 2003ರ ಸೆಪ್ಟೆಂಬರ್ 20, ಶನಿವಾರ. ಆತಿಥೇಯ ಡರ್ಬಿ ಕೌಂಟಿ ತಂಡ ಸಂಡರ್‌ಲ್ಯಾಂಡ್ ವಿರುದ್ಧ ಒಂದು ಗೋಲಿನ ಮುನ್ನಡೆಯಲ್ಲಿತ್ತು. 90 ನಿಮಿಷಗಳ ನಿಗದಿತ ಅವಧಿ ಮುಗಿದು, ಗಾಯ ಮತ್ತಿತರ ಕಾರಣಗಳಿಂದ ವ್ಯರ್ಥವಾದ ಕಾಲಕ್ಕೆ ರೆಫರಿ ಸೇರಿಸಿದ ಕೆಲವೇ ನಿಮಿಷಗಳು ಉಳಿದಿದ್ದವು. ಸಂಡರ್‌ಲ್ಯಾಂಡ್‌ಗೆ ಕಾರ್ನರ್ ಕಿಕ್ ದೊರೆಯಿತು. ಕಳೆದುಕೊಳ್ಳಲು ಇನ್ನೇನೂ ಉಳಿಯದ ಆ ಗಳಿಗೆಯಲ್ಲಿ ಸಂಡರ್‌ಲ್ಯಾಂಡ್‌ನ ಗೋಲ್‌ಕೀಪರ್ ತನ್ನ ಗೋಲನ್ನು ಬರಿದಾಗಿ ಬಿಟ್ಟು ಇಡೀ ಮೈದಾನ ದಾಟಿ ಎದುರಾಳಿಯ ಗೋಲಿನ ಮುಂದೆ ಬಂದು ನಿಂತರು. ಚೆಂಡು ಹಾರಿ ಬಂತು. ಆರು ಅಡಿ ನಾಲ್ಕು ಅಂಗುಲ ಎತ್ತರದ ಆ ವ್ಯಕ್ತಿ ಜಿಗಿದು ತಲೆಯಿಂದ ಬಲವಾಗಿ ಹೊಡೆದರು. ಚೆಂಡು ಬಲೆಯೊಳಗಿತ್ತು. ಪಂದ್ಯ 1-1ರಿಂದ ಸಮವಾಯಿತು.

ಗೋಲ್‌ಕೀಪರ್ ಒಬ್ಬ ಗೋಲು ಹೊಡೆಯುವುದು ಫುಟ್‌ಬಾಲಿನಲ್ಲಿ ಅಪರೂಪದ ಘಟನೆ. ಆದರೆ ಅಂದು ನಡೆದುದರಲ್ಲಿ ಅದಕ್ಕಿಂತಲೂ ಅಪರೂಪದ ಸಂಗತಿ ಇನ್ನೊಂದಿತ್ತು. ಗೆಲುವು ಕೈತಪ್ಪಿದ ಡರ್ಬಿಯ ಅಭಿಮಾನಿಗಳು, ಅದನ್ನು ಕಸಿದುಕೊಂಡ ಆಟಗಾರನಿಗೇ ಚಪ್ಪಾಳೆ ತಟ್ಟಿದರು. ಗೋಲು ಹೊಡೆದವರ ಮುಖದಲ್ಲಿಯೂ ಅಬ್ಬರದ ಸಂಭ್ರಮ ಕಾಣಲಿಲ್ಲ. ಕಾರಣ ಸರಳ. ಅದೇ ವರ್ಷದ ವಸಂತದವರೆಗೆ ಅವರು ಡರ್ಬಿಯ ಗೋಲನ್ನೇ ಕಾಯುತ್ತಿದ್ದರು. ಆರು ವರ್ಷ ಆ ಊರು ಅವರನ್ನು ತನ್ನವರೆಂದು ಕಂಡಿತ್ತು.

ಅವರೇ ಮಾರ್ಟ್ ಪೂಮ್. ಬಾಲ್ಟಿಕ್ ಸಮುದ್ರ ತೀರದ ಪುಟ್ಟ ರಾಷ್ಟ್ರ ಎಸ್ಟೋನಿಯಾದವರು. ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ ಅವರು ಎಂದೂ ಆಡಲಿಲ್ಲ. ಅವರ ದೇಶ ಅಲ್ಲಿಗೆ ತಲುಪಿದ್ದೇ ಇಲ್ಲ. ಇಂಗ್ಲೆಂಡಿನ ಲೀಗ್ ಪ್ರಶಸ್ತಿಯಾಗಲಿ ಎಫ್‌ಎ ಕಪ್ ಆಗಲಿ ಅವರ ಪಾಲಿಗೆ ಬರಲಿಲ್ಲ. ಅವರ ಕೈಯಡಿಯಲ್ಲಿ ಆಡಿದ ತಂಡಗಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ 2009ರಲ್ಲಿ ನಿವೃತ್ತರಾದ ಈ ಗೋಲ್‌ಕೀಪರ್ ಹೆಸರು ಟಾಲಿನ್‌ನಲ್ಲಿಯೂ ಡರ್ಬಿಯಲ್ಲಿಯೂ ಇಂದಿಗೂ ಆದರದಿಂದಲೇ ಕೇಳಿಬರುತ್ತದೆ. ಪ್ರಶಸ್ತಿಗಳಿಲ್ಲದ ಆಟಗಾರನೊಬ್ಬನಿಗೆ ಇಂಥ ಪ್ರೀತಿ ಹೇಗೆ ದಕ್ಕಿತು ಎಂಬ ಪ್ರಶ್ನೆಗೆ ಅವರ ವೃತ್ತಿಜೀವನವೇ ಉತ್ತರ ನೀಡುತ್ತದೆ.

ಮರಳಿ ಹುಟ್ಟಿದ ದೇಶ, ಮರಳಿ ಹುಟ್ಟಿದ ತಂಡ

ಪೂಮ್ ಜನಿಸಿದ್ದು 1972ರ ಫೆಬ್ರುವರಿ 3ರಂದು, ರಾಜಧಾನಿ ಟಾಲಿನ್‌ನಲ್ಲಿ. ಆಗ ಎಸ್ಟೋನಿಯಾ ಸ್ವತಂತ್ರ ದೇಶವಾಗಿರಲಿಲ್ಲ. ಸೋವಿಯತ್ ಒಕ್ಕೂಟದ ಒಂದು ಗಣರಾಜ್ಯವಾಗಿತ್ತು. ಎರಡು ಮಹಾಯುದ್ಧಗಳ ನಡುವಿನ ಎರಡು ದಶಕ ಆ ದೇಶ ಸ್ವತಂತ್ರವಾಗಿತ್ತು. 1923ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಸದಸ್ಯತ್ವ ಪಡೆದು, 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಸ್ಪರ್ಧೆಯಲ್ಲಿಯೂ ಪಾಲ್ಗೊಂಡಿತ್ತು. ಆ ಕಾಲದ ಎಸ್ಟೋನಿಯಾದ ಅತ್ಯಂತ ಖ್ಯಾತ ಆಟಗಾರರಲ್ಲಿ ಒಬ್ಬರು ಎವಾಲ್ಡ್ ಟಿಪ್ನರ್. ಅವರೂ ಗೋಲ್‌ಕೀಪರ್ ಎಂಬುದು ಗಮನಾರ್ಹ. ಆ ದೇಶದ ರಾಷ್ಟ್ರೀಯ ಕಪ್ ಪಂದ್ಯಾವಳಿಗೆ ಇಂದು ಅವರ ಹೆಸರನ್ನೇ ಇಡಲಾಗಿದೆ.

1940ರಲ್ಲಿ ಸೋವಿಯತ್ ಆಕ್ರಮಣದೊಂದಿಗೆ ಎಸ್ಟೋನಿಯಾದ ಸ್ವಾತಂತ್ರ್ಯ ಕೊನೆಗೊಂಡಿತು. ಅದರೊಡನೆ ರಾಷ್ಟ್ರೀಯ ತಂಡವೂ ಅಂತರರಾಷ್ಟ್ರೀಯ ಮೈದಾನದಿಂದ ಮರೆಯಾಯಿತು. ಮುಂದಿನ ಐದು ದಶಕಗಳಲ್ಲಿ ಎಸ್ಟೋನಿಯನ್ ಭಾಷಿಕರ ನಡುವೆ ಬ್ಯಾಸ್ಕೆಟ್‌ಬಾಲ್, ಹಿಮದ ಮೇಲಿನ ಸ್ಕೀಯಿಂಗ್ ಮುಂತಾದವು ಬೆಳೆದಂತೆ ಫುಟ್‌ಬಾಲ್ ಬೆಳೆಯಲಿಲ್ಲ. ಇಂಥ ಸನ್ನಿವೇಶದಲ್ಲಿ ಟಾಲಿನ್‌ನ ‘ಲೋವಿಡ್’ ಎಂಬ ಬಾಲಕರ ತಂಡ ಎಸ್ಟೋನಿಯನ್ ಹುಡುಗರನ್ನು ಒಟ್ಟುಗೂಡಿಸಿ ಆಟ ಕಲಿಸುತ್ತಿತ್ತು. ಆ ಭಾಷೆಯಲ್ಲಿ ಲೋವಿಡ್ ಎಂದರೆ ಸಿಂಹಗಳು. ಪೂಮ್ ಆಟ ಕಲಿತದ್ದು ಈ ಸಿಂಹಗಳ ಗುಂಪಿನಲ್ಲಿ. 1990ರಲ್ಲಿ ಅದೇ ಬಳಗದಿಂದ ಮೂಡಿಬಂದ ‘ಫ್ಲೋರಾ’ ಕ್ಲಬ್ ಮುಂದೆ ದೇಶದ ಪ್ರಮುಖ ತಂಡವಾಗಿ ಬೆಳೆಯಿತು; ರಾಷ್ಟ್ರೀಯ ತಂಡದ ಬೆನ್ನೆಲುಬೂ ಆಯಿತು.

1991ರ ಆಗಸ್ಟ್ 20ರಂದು ಎಸ್ಟೋನಿಯಾ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿಕೊಂಡಿತು. ವರ್ಷ ತುಂಬುವ ಮುನ್ನವೇ, 1992ರ ಜೂನ್ 3ರಂದು, ಅದರ ರಾಷ್ಟ್ರೀಯ ತಂಡ ಟಾಲಿನ್‌ನಲ್ಲಿ ಸ್ಲೊವೇನಿಯಾವನ್ನು ಎದುರಿಸಿತು. ಸ್ಲೊವೇನಿಯಾವೂ ಯುಗೊಸ್ಲಾವಿಯಾದಿಂದ ಆಗಷ್ಟೇ ಹೊರಬಂದ ಹೊಸ ದೇಶ. ಎರಡು ನವಜಾತ ತಂಡಗಳ ಆ ಪಂದ್ಯ 1-1ರಿಂದ ಡ್ರಾ ಆಯಿತು. ಎಸ್ಟೋನಿಯಾದ ಗೋಲಿನ ಮುಂದೆ ನಿಂತಿದ್ದವರು 20 ವರ್ಷದ ಮಾರ್ಟ್ ಪೂಮ್. ಅಂದು ತೊಟ್ಟ ರಾಷ್ಟ್ರೀಯ ಅಂಗಿಯನ್ನು ಅವರು 17 ವರ್ಷ ಕಾಲ ಕಳಚಲಿಲ್ಲ. ಅಂದರೆ ಮರಳಿ ಸ್ವತಂತ್ರವಾದ ಎಸ್ಟೋನಿಯಾದ ಅಂತರರಾಷ್ಟ್ರೀಯ ಫುಟ್‌ಬಾಲ್ ಚರಿತ್ರೆಯೂ ಪೂಮ್ ಅವರ ಅಂತರರಾಷ್ಟ್ರೀಯ ವೃತ್ತಿಜೀವನವೂ ಒಟ್ಟಿಗೇ ಆರಂಭಗೊಂಡವು.

ಸೋಲಿನ ಪಾಠಶಾಲೆ

ಆರಂಭದ ವರ್ಷಗಳು ಕಠಿಣವಾಗಿದ್ದವು. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ಅದರಲ್ಲಿ ಫುಟ್‌ಬಾಲ್ ಆಡುವವರು ಕೆಲವೇ ಸಾವಿರ. ಎದುರಿಗೆ ಇಟಲಿ, ಪೋರ್ಚುಗಲ್, ಸ್ಕಾಟ್ಲೆಂಡ್‌ನಂಥ ನುರಿತ ತಂಡಗಳು. 1994ರ ವಿಶ್ವಕಪ್ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ತಂಡ ಸೋತಿತು. ಮಾಲ್ಟಾ ವಿರುದ್ಧ ಮಾಡಿಕೊಂಡ ಗೋಲಿಲ್ಲದ ಡ್ರಾ ಒಂದೇ ಸಮಾಧಾನ. ಹತ್ತು ಪಂದ್ಯಗಳಲ್ಲಿ ಹೊಡೆದದ್ದು ಒಂದೇ ಗೋಲು, ಬಿಟ್ಟುಕೊಟ್ಟದ್ದು 27. 1996ರ ಯೂರೋ ಕಪ್ ಅರ್ಹತಾ ಸುತ್ತು ಇನ್ನೂ ಕಹಿಯಾಗಿತ್ತು: ಹತ್ತಕ್ಕೆ ಹತ್ತೂ ಸೋಲು, 31 ಗೋಲುಗಳ ಹೊರೆ.

ಇಂಥ ತಂಡದಲ್ಲಿ ಗೋಲ್‌ಕೀಪರ್ ಆಗುವುದೆಂದರೆ ಏನು? ಬಲಿಷ್ಠ ತಂಡದ ಗೋಲ್‌ಕೀಪರ್‌ಗೆ ಕೆಲವೊಮ್ಮೆ ಅರ್ಧ ಗಂಟೆಗೊಮ್ಮೆ ಚೆಂಡು ಮುಟ್ಟುವ ಪ್ರಸಂಗ ಬರುತ್ತದೆ. ದುರ್ಬಲ ತಂಡದವನಿಗೆ ಬಿಡುವೇ ಇಲ್ಲ. ಆತ ಹತ್ತು ಹೊಡೆತ ತಡೆದರೂ ಹನ್ನೊಂದನೆಯದು ಒಳಹೊಕ್ಕರೆ ಮರುದಿನದ ಪತ್ರಿಕೆಯಲ್ಲಿ ಉಳಿಯುವುದು ಆ ಒಂದು ಅಂಕಿ ಮಾತ್ರ. ಆದರೆ ಮೈದಾನದಲ್ಲಿ ಕುಳಿತು ನೋಡಿದವರಿಗೆ ತಡೆದ ಹತ್ತೂ ನೆನಪಿರುತ್ತವೆ. 0-6 ಆಗಬಹುದಾಗಿದ್ದ ಪಂದ್ಯ 0-2ಕ್ಕೆ ನಿಂತರೆ ಆ ನಾಲ್ಕು ಗೋಲುಗಳ ವ್ಯತ್ಯಾಸ ಯಾರಿಂದ ಬಂತೆಂಬುದು ಅವರಿಗೆ ತಿಳಿದಿರುತ್ತದೆ. ಸೋಲುತ್ತಿದ್ದ ದಿನಗಳಲ್ಲಿಯೂ ಮಾನ ಉಳಿಸಿದವನೆಂಬ ಭಾವನೆ ಪೂಮ್ ಕುರಿತು ಎಸ್ಟೋನಿಯಾದಲ್ಲಿ ಬೇರೂರಿದ್ದು ಹೀಗೆ. 1993 ಮತ್ತು 1994ರಲ್ಲಿ, ತಂಡ ಸೋಲಿನ ಸರಮಾಲೆಯಲ್ಲಿದ್ದಾಗಲೇ, ಅವರು ದೇಶದ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರ ಗೌರವಕ್ಕೆ ಪಾತ್ರರಾದರು. ಮುಂದೆ 1997, 1998, 2000 ಮತ್ತು 2003ರಲ್ಲಿಯೂ ಅದು ಅವರಿಗೇ ಸಂದಿತು. ಒಟ್ಟು ಆರು ಬಾರಿ.

ಅವರು ಅಂತರರಾಷ್ಟ್ರೀಯ ಕಣಕ್ಕಿಳಿದ 1992 ಗೋಲ್‌ಕೀಪರ್‌ಗಳ ಪಾಲಿಗೆ ಮತ್ತೊಂದು ಕಾರಣಕ್ಕೂ ಮಹತ್ವದ ವರ್ಷ. ತನ್ನ ತಂಡದವನೇ ಉದ್ದೇಶಪೂರ್ವಕವಾಗಿ ಕಾಲಿನಿಂದ ಹಿಂದಕ್ಕೆ ಒದ್ದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಜಾರಿಗೆ ಬಂದದ್ದು ಅದೇ ವರ್ಷ. ಅಲ್ಲಿಯವರೆಗೆ ಕೈಗಳನ್ನು ನಂಬಿ ಬದುಕಿದ್ದ ಗೋಲ್‌ಕೀಪರ್‌ಗಳು ಕಾಲಿನ ಆಟವನ್ನೂ ಕಲಿಯಬೇಕಾಯಿತು. ಪೂಮ್ ಅವರದು ಆ ಬದಲಾವಣೆಯನ್ನು ವೃತ್ತಿಯ ಹೊಸ್ತಿಲಲ್ಲೇ ಎದುರಿಸಿದ ಪೀಳಿಗೆ.

ಅಲೆದಾಟದ ವರ್ಷಗಳು

ಎಸ್ಟೋನಿಯಾದ ದೇಶೀಯ ಲೀಗ್ ಆಗ ಇನ್ನೂ ಶೈಶವಾವಸ್ಥೆಯಲ್ಲಿತ್ತು. ಹೆಚ್ಚಿನದನ್ನು ಬಯಸಿದವರು ಹೊರದೇಶಕ್ಕೆ ಹೋಗಲೇಬೇಕಿತ್ತು. ಪೂಮ್ ಫಿನ್ಲೆಂಡಿನ ಕುಪ್ಸ್ ಕ್ಲಬ್‌ನಲ್ಲಿ ಆಡಿದರು. ಸ್ವಿಟ್ಜರ್ಲೆಂಡಿನ ಎಫ್‌ಸಿ ವಿಲ್ ತಂಡದಲ್ಲಿ ಕಾಲ ಕಳೆದರು. 1994ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಆಗ ಅಲ್ಲಿ ವ್ಯವಸ್ಥಾಪಕರಾಗಿದ್ದವರು ಜಿಮ್ ಸ್ಮಿತ್.

ಇಂಗ್ಲೆಂಡಿನ ಮೊದಲ ಅಧ್ಯಾಯ ನಿರಾಶೆಯದು. ಪೋರ್ಟ್ಸ್‌ಮತ್‌ನ ಗೋಲನ್ನು ಅಲನ್ ನೈಟ್ ಎಂಬ ಹಿರಿಯ ಆಟಗಾರ ವರ್ಷಗಳಿಂದ ಕಾಯುತ್ತಿದ್ದರು. ಆ ಕ್ಲಬ್ಬಿನ ಇತಿಹಾಸದಲ್ಲಿಯೇ ದಂತಕಥೆಯಾಗಿದ್ದ ಅವರನ್ನು ಸರಿಸಿ ಜಾಗ ಪಡೆಯುವುದು ಸುಲಭವಾಗಿರಲಿಲ್ಲ. ಫುಟ್‌ಬಾಲಿನಲ್ಲಿ ಗೋಲ್‌ಕೀಪರ್‌ನದು ವಿಚಿತ್ರ ಸ್ಥಿತಿ. ಮುಂಚೂಣಿ ಆಟಗಾರನೊಬ್ಬನಿಗೆ ಮಧ್ಯದಲ್ಲಿಯೋ ಅಂಚಿನಲ್ಲಿಯೋ ಒಂದು ಎಡೆ ಸಿಕ್ಕೀತು. ಗೋಲ್‌ಕೀಪರ್‌ಗೆ ಇರುವುದು ಒಂದೇ ಸ್ಥಾನ. ಅಲ್ಲಿ ಇನ್ನೊಬ್ಬನಿದ್ದರೆ ಕಾಯುವುದೊಂದೇ ಕೆಲಸ.

ಕಾಯುವುದಕ್ಕೂ ಮಿತಿಯಿತ್ತು. ಎಸ್ಟೋನಿಯಾ ಆಗ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ. ಅದು ಒಕ್ಕೂಟ ಸೇರಿದ್ದು 2004ರಲ್ಲಿ. ಹೀಗಾಗಿ ಆ ದೇಶದ ಆಟಗಾರರು ಬ್ರಿಟನ್ನಿನಲ್ಲಿ ಆಡಲು ಕೆಲಸದ ಪರವಾನಗಿ ಪಡೆಯಬೇಕಿತ್ತು. ಪಂದ್ಯವಾಡದೆ ಬೆಂಚಿನ ಮೇಲೆ ಕುಳಿತ ಆಟಗಾರನ ಪರವಾಗಿ ವಾದಿಸುವುದು ಯಾವ ಕ್ಲಬ್ಬಿಗೂ ಕಷ್ಟ. ಪೋರ್ಟ್ಸ್‌ಮತ್ ಪರ ಪೂಮ್ ಆಡಿದ ಲೀಗ್ ಪಂದ್ಯಗಳನ್ನು ಬೆರಳಲ್ಲಿ ಎಣಿಸಬಹುದು. ಅವರು ಟಾಲಿನ್‌ಗೆ, ತಮ್ಮ ಹಳೆಯ ಫ್ಲೋರಾ ತಂಡಕ್ಕೆ, ಮರಳಿದರು. ಇಪ್ಪತ್ತನಾಲ್ಕರ ಹರೆಯದಲ್ಲಿ ಇಂಗ್ಲೆಂಡಿನ ಬಾಗಿಲು ಮುಚ್ಚಿದಂತೆಯೇ ಕಾಣುತ್ತಿತ್ತು.

ಎದುರಾಳಿಯಿಲ್ಲದ ಪಂದ್ಯ

ಅಷ್ಟರಲ್ಲಿ ರಾಷ್ಟ್ರೀಯ ತಂಡ ಚೇತರಿಸಿಕೊಳ್ಳತೊಡಗಿತ್ತು. ಐಸ್‌ಲ್ಯಾಂಡಿನ ತರಬೇತುದಾರ ತೈತೂರ್ ಥೋರ್ದಾರ್ಸನ್ ಅವರ ಮಾರ್ಗದರ್ಶನದಲ್ಲಿ 1996ರ ಅಕ್ಟೋಬರ್ 5ರಂದು ಎಸ್ಟೋನಿಯಾ ಬೆಲಾರೂಸ್ ತಂಡವನ್ನು 1-0ಯಿಂದ ಮಣಿಸಿತು. ಸ್ವಾತಂತ್ರ್ಯ ಮರಳಿದ ಮೇಲೆ ವಿಶ್ವಕಪ್ ಅರ್ಹತಾ ಪಂದ್ಯವೊಂದರಲ್ಲಿ ಆ ದೇಶ ಕಂಡ ಮೊದಲ ಗೆಲುವು ಅದು.

ನಾಲ್ಕೇ ದಿನಗಳಲ್ಲಿ ಫುಟ್‌ಬಾಲ್ ಚರಿತ್ರೆಯ ವಿಲಕ್ಷಣ ಪ್ರಸಂಗವೊಂದಕ್ಕೆ ಟಾಲಿನ್ ಸಾಕ್ಷಿಯಾಯಿತು. ಅಕ್ಟೋಬರ್ 9ರಂದು ಕಾಡ್ರಿಯಾರ್ಗ್ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಸಂಜೆ ಪಂದ್ಯ ನಡೆಯಬೇಕಿತ್ತು. ತಾತ್ಕಾಲಿಕವಾಗಿ ಅಳವಡಿಸಿದ್ದ ದೀಪಗಳ ಬೆಳಕು ಸಾಲದೆಂದು ಸ್ಕಾಟ್ಲೆಂಡ್ ಆಕ್ಷೇಪಿಸಿತು. ಫಿಫಾ ಪಂದ್ಯವನ್ನು ಮಧ್ಯಾಹ್ನ ಮೂರು ಗಂಟೆಗೆ ಹಿಂದೂಡಿತು. ಕೊನೆಯ ಗಳಿಗೆಯ ಈ ಬದಲಾವಣೆಯನ್ನು ಎಸ್ಟೋನಿಯಾ ಒಪ್ಪಲಿಲ್ಲ. ಮೂರು ಗಂಟೆಗೆ ಸ್ಕಾಟ್ಲೆಂಡ್ ಆಟಗಾರರು ಮಾತ್ರ ಮೈದಾನಕ್ಕಿಳಿದರು. ರೆಫರಿ ಸೀಟಿ ಊದಿದರು; ಸ್ಕಾಟ್ಲೆಂಡ್ ಚೆಂಡು ಮುಟ್ಟಿತು; ಕ್ಷಣಗಳಲ್ಲೇ ಪಂದ್ಯ ನಿಂತಿತು. ಸ್ಕಾಟ್ಲೆಂಡ್‌ಗೇ ಗೆಲುವು ಸಿಗುವುದೆಂಬ ನಿರೀಕ್ಷೆ ಹುಸಿಯಾಯಿತು. ತಟಸ್ಥ ಸ್ಥಳದಲ್ಲಿ ಮರುಪಂದ್ಯ ನಡೆಸುವಂತೆ ಫಿಫಾ ಆದೇಶಿಸಿತು.

ಆ ಮರುಪಂದ್ಯ ನಡೆದದ್ದು 1997ರ ಫೆಬ್ರುವರಿ 11ರಂದು ಮೊನಾಕೊದಲ್ಲಿ. ವಿವಾದದ ಕಾವಿನಿಂದಾಗಿ ಬ್ರಿಟಿಷ್ ಪತ್ರಿಕೆಗಳ ಕಣ್ಣು ಅದರ ಮೇಲಿತ್ತು. ಸ್ಕಾಟ್ಲೆಂಡ್ ಸುಲಭವಾಗಿ ಗೆಲ್ಲುವುದೆಂದು ಎಣಿಸಿದವರೇ ಹೆಚ್ಚು. ಆದರೆ ಪೂಮ್ ಕಾಯ್ದ ಗೋಲಿನೊಳಗೆ ಚೆಂಡು ಹೋಗಲೇ ಇಲ್ಲ. ಪಂದ್ಯ 0-0. ಕೆಲವೇ ತಿಂಗಳ ಹಿಂದೆ ಹಾಸ್ಯದ ವಸ್ತುವಾಗಿದ್ದ ತಂಡವೊಂದು ಮರ್ಯಾದೆ ಗಳಿಸಿಕೊಂಡಿತು.

ಓಲ್ಡ್ ಟ್ರ್ಯಾಫರ್ಡ್‌ನ ಆ ಶನಿವಾರ

ಪೋರ್ಟ್ಸ್‌ಮತ್‌ನಲ್ಲಿ ಪೂಮ್ ಅವರನ್ನು ಕಂಡಿದ್ದ ಜಿಮ್ ಸ್ಮಿತ್ ಈ ವೇಳೆಗೆ ಡರ್ಬಿ ಕೌಂಟಿಯ ವ್ಯವಸ್ಥಾಪಕರಾಗಿದ್ದರು. 1996ರಲ್ಲಷ್ಟೇ ಪ್ರೀಮಿಯರ್ ಲೀಗಿಗೆ ಏರಿದ್ದ ಕ್ಲಬ್ ಅದು. ಬೆಂಚಿನ ಮೇಲೆ ಕುಳಿತು ಊರಿಗೆ ಮರಳಿದ್ದ ಗೋಲ್‌ಕೀಪರ್‌ನ ಸಾಮರ್ಥ್ಯವನ್ನು ಸ್ಮಿತ್ ಮರೆತಿರಲಿಲ್ಲ. 1997ರಲ್ಲಿ ಅವರು ಪೂಮ್ ಅವರನ್ನು ಮತ್ತೆ ಇಂಗ್ಲೆಂಡಿಗೆ ಕರೆತಂದರು.

ಏಪ್ರಿಲ್ 5ರಂದು ಡರ್ಬಿಯ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಸ್ಥಳ ಯುನೈಟೆಡ್‌ನ ತವರು ಓಲ್ಡ್ ಟ್ರ್ಯಾಫರ್ಡ್. ಆ ಋತುವಿನಲ್ಲಿಯೂ ಯುನೈಟೆಡ್ ಲೀಗ್ ಪ್ರಶಸ್ತಿ ಗೆದ್ದಿತೆಂಬುದು ಅದರ ಬಲಕ್ಕೆ ಸಾಕ್ಷಿ. ಅಂಥ ಪಂದ್ಯಕ್ಕೆ ಸ್ಮಿತ್ ಇಬ್ಬರು ಹೊಸಬರನ್ನು ಕಣಕ್ಕಿಳಿಸಿದರು. ಒಬ್ಬರು ಪೂಮ್, ಇನ್ನೊಬ್ಬರು ಕೋಸ್ಟರಿಕಾದ ಮುಂಚೂಣಿ ಆಟಗಾರ ಪಾವ್ಲೊ ವಾಂಚೋಪ್. ವಾಂಚೋಪ್ ಮಧ್ಯಮೈದಾನದಿಂದ ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟಿ ಹೊಡೆದ ಗೋಲು ಇಂದಿಗೂ ಡರ್ಬಿಯ ಮನೆಮಾತು. ಎರಿಕ್ ಕಾಂಟೊನಾ ಮತ್ತು ಓಲೆ ಗುನ್ನರ್ ಸೋಲ್ಷಾರ್ ಯುನೈಟೆಡ್ ಪರ ತಲಾ ಒಂದು ಗೋಲು ಗಳಿಸಿದರೂ ಡರ್ಬಿ 3-2ರಿಂದ ಗೆದ್ದಿತು. ಪ್ರೀಮಿಯರ್ ಲೀಗಿನಲ್ಲಿ ಎಸ್ಟೋನಿಯಾದ ಆಟಗಾರನೊಬ್ಬನ ಮೊದಲ ಹೆಜ್ಜೆ ಹೀಗೆ ಗೆಲುವಿನಿಂದ ಆರಂಭವಾಯಿತು.

ಡರ್ಬಿ ಮಹಾನಗರವಲ್ಲ. ರೈಲು ಕಾರ್ಯಾಗಾರಗಳು ಮತ್ತು ರೋಲ್ಸ್ ರಾಯ್ಸ್ ವಿಮಾನ ಎಂಜಿನ್ ಕಾರ್ಖಾನೆಗಳ ಊರು. ಅಲ್ಲಿನ ಕ್ಲಬ್ 1972 ಮತ್ತು 1975ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದುಂಟು. ಆದರೆ ತೊಂಬತ್ತರ ದಶಕದ ಹೊತ್ತಿಗೆ ಅದು ಹಳೆಯ ವೈಭವದ ನೆನಪಷ್ಟೇ. 1997-98ರಲ್ಲಿ ಒಂಬತ್ತನೆಯ ಸ್ಥಾನ, ಮರುವರ್ಷ ಎಂಟನೆಯ ಸ್ಥಾನ ಪಡೆದ ತಂಡಕ್ಕೆ ಅದೇ ದೊಡ್ಡ ಸಾಧನೆಯಾಗಿತ್ತು. ಆ ತಂಡದ ಯಶಸ್ಸಿನಲ್ಲಿ ಪೂಮ್ ಪಾಲು ಹಿರಿದು.

ನಂತರ ಇಳಿಗಾಲ ಬಂತು. 1999-2000ದ ಋತುವಿನಲ್ಲಿ ಡರ್ಬಿ 16ನೆಯ ಸ್ಥಾನಕ್ಕೆ ಕುಸಿದು, ಕೆಳದರ್ಜೆಗೆ ಜಾರುವುದರಿಂದ ಕೂದಲೆಳೆಯಷ್ಟು ಅಂತರದಲ್ಲಿ ಪಾರಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಕ್ಲಬ್ಬಿನ ವರ್ಷದ ಆಟಗಾರ ಪ್ರಶಸ್ತಿ ಪೂಮ್‌ಗೆ ಸಂದದ್ದು ಆ ಋತುವಿನಲ್ಲಿಯೇ. ತಂಡ ಮೆರೆಯುತ್ತಿದ್ದಾಗ ಗೋಲು ಹೊಡೆದವರು ಕಣ್ಣಿಗೆ ಬೀಳುತ್ತಾರೆ. ತಂಡ ಮುಳುಗುತ್ತಿದ್ದಾಗ ಅದನ್ನು ತೇಲಿಸುವವನು ಯಾರೆಂದು ಜನ ಹುಡುಕುತ್ತಾರೆ. ಎಸ್ಟೋನಿಯಾದಲ್ಲಿ ನಡೆದದ್ದೇ ಡರ್ಬಿಯಲ್ಲಿಯೂ ನಡೆಯಿತು. ಅಭಿಮಾನಿಗಳು ಅವರಿಗೆ ‘ಪೂಮಿನೇಟರ್’ ಎಂಬ ಅಡ್ಡಹೆಸರನ್ನೂ ಕೊಟ್ಟರು. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ‘ಟರ್ಮಿನೇಟರ್’ ಚಿತ್ರವನ್ನು ಬಲ್ಲವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಊರು ಬದಲಾದರೂ ಉಳಿದ ನಂಟು

2002ರಲ್ಲಿ ಡರ್ಬಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಇಂಗ್ಲೆಂಡಿನ ವ್ಯವಸ್ಥೆಯಲ್ಲಿ ಈ ಹಿನ್ನಡೆ ಕೇವಲ ಮಾನದ ಪ್ರಶ್ನೆಯಲ್ಲ. ಪ್ರೀಮಿಯರ್ ಲೀಗಿನ ಟಿವಿ ಪ್ರಸಾರದ ಹಕ್ಕಿನಿಂದ ಬರುವ ದೊಡ್ಡ ಆದಾಯ ತೀವ್ರವಾಗಿ ಕುಸಿಯುತ್ತದೆ. ದುಬಾರಿ ವೇತನದ ಒಪ್ಪಂದಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಸಾಲದಲ್ಲಿ ಸಿಲುಕಿದ ಡರ್ಬಿ ತನ್ನ ಉತ್ತಮ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಡಬೇಕಾಯಿತು. 2003ರಲ್ಲಿ ಪೂಮ್ ಸಂಡರ್‌ಲ್ಯಾಂಡ್ ಸೇರಿದರು. ಡರ್ಬಿ ಪರ ಅವರು ಆಡಿದ ಲೀಗ್ ಪಂದ್ಯಗಳ ಸಂಖ್ಯೆ 146.

ಅವರು ಹೊರಟದ್ದು ಹಣದ ಆಸೆಗೆ ಕೈಬಿಟ್ಟು ಅಲ್ಲ, ಕ್ಲಬ್ಬಿನ ಇಕ್ಕಟ್ಟಿನಿಂದ ಎಂಬುದು ಡರ್ಬಿಯ ಜನಕ್ಕೆ ಗೊತ್ತಿತ್ತು. ಆರಂಭದಲ್ಲಿ ಹೇಳಿದ ಸೆಪ್ಟೆಂಬರ್‌ನ ಚಪ್ಪಾಳೆಯ ಹಿಂದೆ ಈ ತಿಳಿವಳಿಕೆಯಿತ್ತು. ತನ್ನ ಹಳೆಯ ತಂಡದ ವಿರುದ್ಧ ಗೋಲು ಹೊಡೆದಾಗ ಕುಣಿದಾಡದೆ ಸಂಯಮ ತೋರಿದ ಆಟಗಾರ, ತಮ್ಮ ಗೆಲುವು ಕಳೆದರೂ ಅವನನ್ನು ಗೌರವಿಸಿದ ಪ್ರೇಕ್ಷಕರು: ಇಬ್ಬರೂ ಪರಸ್ಪರ ಋಣ ಸಂದಾಯ ಮಾಡಿದಂತಿತ್ತು ಆ ದೃಶ್ಯ.

ಸಂಡರ್‌ಲ್ಯಾಂಡ್ ಕೂಡ ಕಷ್ಟ ಕಂಡ ಊರು. ಹಡಗು ಕಟ್ಟುವ ಕಟ್ಟೆಗಳು 1988ರಲ್ಲಿ ಮುಚ್ಚಿದ್ದವು. ಅಲ್ಲಿನ ವೇರ್‌ಮತ್ ಕಲ್ಲಿದ್ದಲ ಗಣಿ 1993ರಲ್ಲಿ ಕೊನೆಗೊಂಡಿತು. ಆ ಗಣಿ ಇದ್ದ ನೆಲದ ಮೇಲೆಯೇ ಕ್ಲಬ್ಬಿನ ‘ಸ್ಟೇಡಿಯಂ ಆಫ್ ಲೈಟ್’ ಎದ್ದು ನಿಂತಿದೆ. ಪೂಮ್ ಸೇರಿದ ಋತುವಿನಲ್ಲಿ ಕ್ಲಬ್ ಬರೇ 19 ಅಂಕ ಗಳಿಸಿ ಪ್ರೀಮಿಯರ್ ಲೀಗಿನಿಂದ ಹೊರಬಿದ್ದಿತ್ತು. ಮರುವರ್ಷ, 2003-04ರಲ್ಲಿ, ಮಿಕ್ ಮೆಕಾರ್ಥಿ ಮಾರ್ಗದರ್ಶನದಲ್ಲಿ ಚೇತರಿಸಿಕೊಂಡು ಎಫ್‌ಎ ಕಪ್‌ನ ಸೆಮಿಫೈನಲ್ ತಲುಪಿತು. ಅಲ್ಲಿ ಮಿಲ್‌ವಾಲ್ ಎದುರು 0-1ರಿಂದ ಸೋತಿತು. ಮೇಲ್ದರ್ಜೆಗೇರುವ ಪ್ಲೇ ಆಫ್ ಸೆಮಿಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದುರು ಪೆನಾಲ್ಟಿ ಹೊಡೆತಗಳಲ್ಲಿ ಎಡವಿತು. ಎರಡೂ ಕಡೆ ಗುರಿ ಕೈಗೆಟುಕುವಷ್ಟು ಸಮೀಪವಿತ್ತು. ಎರಡೂ ಕಡೆ ಕೈತಪ್ಪಿತು.

2004-05ರಲ್ಲಿ ಸಂಡರ್‌ಲ್ಯಾಂಡ್ ಕೊನೆಗೂ ಎರಡನೆಯ ದರ್ಜೆಯ ಲೀಗ್ ಗೆದ್ದು ಮೇಲೇರಿತು. ಆದರೆ ಮಂಡಿಯ ಗಾಯದಿಂದಾಗಿ ಪೂಮ್ ಆ ಋತುವಿನ ಬಹುಭಾಗ ಹೊರಗುಳಿಯಬೇಕಾಯಿತು. ತಂಡ ಗೆದ್ದ ವರ್ಷದಲ್ಲಿಯೇ ಗಾಯಾಳುವಾಗಿ ಕುಳಿತದ್ದು ಅವರ ವೃತ್ತಿಜೀವನದ ವಿಪರ್ಯಾಸ.

ಒಂದೇ ಒಂದು ಪಂದ್ಯಕ್ಕಾಗಿ

2005ರಲ್ಲಿ ಲಂಡನ್ನಿನ ಪ್ರತಿಷ್ಠಿತ ಆರ್ಸೆನಲ್ ಕ್ಲಬ್ ಅವರನ್ನು ಎರವಲು ಪಡೆಯಿತು. 2006ರಲ್ಲಿ ಕಾಯಂ ಮಾಡಿಕೊಂಡಿತು. ಜರ್ಮನಿಯ ಯೆನ್ಸ್ ಲೆಹ್ಮನ್, ಸ್ಪೇನಿನ ಮ್ಯಾನುಯೆಲ್ ಅಲ್ಮುನಿಯಾ ಅವರ ನಂತರದ ಸರದಿ ಪೂಮ್ ಅವರದು. ಮತ್ತೆ ಕಾಯುವ ಕೆಲಸ. ಪೋರ್ಟ್ಸ್‌ಮತ್‌ನಲ್ಲಿ ಇಪ್ಪತ್ತೆರಡರ ವಯಸ್ಸಿನಲ್ಲಿ ಕಾದವರು ಇಲ್ಲಿ ಮೂವತ್ತು ದಾಟಿದ ಮೇಲೆ ಕಾದರು. ಕೊನೆಗೆ 2007ರ ಮೇ 13ರಂದು, ಲೀಗಿನ ಕಡೆಯ ದಿನ, ಆರ್ಸೆನಲ್ ಪರ ಆಡುವ ಅವಕಾಶ ಒದಗಿತು. ಎದುರಾಳಿ ಬೇರೆ ಯಾರೂ ಅಲ್ಲ, ಪೋರ್ಟ್ಸ್‌ಮತ್. ಇಂಗ್ಲೆಂಡಿನಲ್ಲಿ ಅವರು ಮೊದಲು ಕಾಲಿಟ್ಟ ಕ್ಲಬ್ಬಿನ ಅದೇ ಹಳೆಯ ಫ್ರ್ಯಾಟನ್ ಪಾರ್ಕ್ ಮೈದಾನ. ಪಂದ್ಯ 0-0. ಆರ್ಸೆನಲ್ ಪರ ಅವರು ಆಡಿದ ಲೀಗ್ ಪಂದ್ಯ ಅದೊಂದೇ. ಅದರಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅಲ್ಲಿಂದ ಅವರು ವಾಟ್‌ಫರ್ಡ್ ಕ್ಲಬ್ ಸೇರಿ 2009ರವರೆಗೆ ಆಡಿದರು.

ಈ ಅವಧಿಯುದ್ದಕ್ಕೂ ರಾಷ್ಟ್ರೀಯ ತಂಡದ ಕರೆಗೆ ಅವರು ಓಗೊಡುತ್ತಲೇ ಇದ್ದರು. 2009ರ ಜೂನ್ 10ರಂದು ಟಾಲಿನ್‌ನ ಅ ಲೆ ಕಾಕ್ ಅರೀನಾದಲ್ಲಿ ಪೋರ್ಚುಗಲ್ ವಿರುದ್ಧ ನಡೆದ ಸೌಹಾರ್ದ ಪಂದ್ಯ ಅವರ ವಿದಾಯದ ಪಂದ್ಯವಾಯಿತು. ಅದು ಎಸ್ಟೋನಿಯಾ ಪರ ಅವರ 120ನೆಯ ಪಂದ್ಯ. ಬಲಾಢ್ಯ ಪೋರ್ಚುಗಲ್‌ಗೆ ಎಸ್ಟೋನಿಯಾ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಪಂದ್ಯ 0-0. ಮೊನಾಕೊದಲ್ಲಿ, ಫ್ರ್ಯಾಟನ್ ಪಾರ್ಕಿನಲ್ಲಿ, ಕೊನೆಗೆ ಟಾಲಿನ್‌ನಲ್ಲಿ: ಪೂಮ್ ಬದುಕಿನ ಮುಖ್ಯ ದಿನಗಳೆಲ್ಲ ಸೊನ್ನೆಯಲ್ಲಿ ಮುಗಿದಿವೆ. ಉಳಿದ ಆಟಗಾರರಿಗೆ ಸೊನ್ನೆ ನಿರಾಶೆಯ ಅಂಕಿ. ಗೋಲ್‌ಕೀಪರ್‌ಗೆ ಅದೇ ಪೂರ್ಣಾಂಕ.

ಜನಪ್ರಿಯತೆಯ ಗುಟ್ಟು

ಐರೋಪ್ಯ ಫುಟ್‌ಬಾಲ್ ಒಕ್ಕೂಟ ತನ್ನ ಸುವರ್ಣ ಮಹೋತ್ಸವದ ಅಂಗವಾಗಿ, ಹಿಂದಿನ 50 ವರ್ಷಗಳಲ್ಲಿ ತಮ್ಮ ದೇಶ ಕಂಡ ಅತ್ಯುತ್ತಮ ಆಟಗಾರನನ್ನು ಹೆಸರಿಸುವಂತೆ ಪ್ರತಿಯೊಂದು ಸದಸ್ಯ ಸಂಸ್ಥೆಯನ್ನೂ 2003ರಲ್ಲಿ ಕೇಳಿತ್ತು. ಇಂಗ್ಲೆಂಡ್ ಬಾಬಿ ಮೂರ್ ಅವರನ್ನು ಆರಿಸಿತು. ನೆದರ್‌ಲ್ಯಾಂಡ್ಸ್ ಯೋಹಾನ್ ಕ್ರೈಫ್ ಅವರನ್ನು. ರಷ್ಯಾ ಲೆವ್ ಯಾಶಿನ್ ಅವರನ್ನೂ ಇಟಲಿ ಡಿನೋ ಜೋಫ್ ಅವರನ್ನೂ ಹೆಸರಿಸಿದವು. ಈ ಇಬ್ಬರೂ ಗೋಲ್‌ಕೀಪರ್‌ಗಳೇ. ಎಸ್ಟೋನಿಯಾ ಹೆಸರಿಸಿದ್ದು ಮಾರ್ಟ್ ಪೂಮ್ ಅವರನ್ನು. ಆಗ ಅವರಿನ್ನೂ ಆಡುತ್ತಿದ್ದರು.

ಈ ಆಯ್ಕೆಗೆ ಕಾರಣ ಅಂಕಿಅಂಶಗಳಷ್ಟೇ ಆಗಿರಲಾರದು. ಎಸ್ಟೋನಿಯಾ ಪರ ಪೂಮ್‌ಗಿಂತ ಹೆಚ್ಚು ಪಂದ್ಯ ಆಡಿದವರಿದ್ದಾರೆ. ಮಾರ್ಟಿನ್ ರೈಮ್, ಮಾರ್ಕೊ ಕ್ರಿಸ್ಟಲ್ ಮತ್ತು ಆಂದ್ರೆಸ್ ಓಪರ್ ಅದೇ ಪೀಳಿಗೆಯವರು. ಮೂವರೂ 120ರ ಗಡಿ ದಾಟಿದವರು. ಆದರೆ ಹೊಸ ದೇಶವೊಂದು ತನ್ನನ್ನು ಜಗತ್ತು ಗುರುತಿಸಬೇಕೆಂದು ಹಂಬಲಿಸುತ್ತಿದ್ದ ಕಾಲದಲ್ಲಿ, ವಾರವಾರವೂ ಜಗತ್ತು ನೋಡುವ ಪ್ರೀಮಿಯರ್ ಲೀಗಿನಲ್ಲಿ ಎಸ್ಟೋನಿಯಾದ ಹೆಸರು ಕೇಳಿಸುವಂತೆ ಮಾಡಿದವರು ಪೂಮ್. ನಕ್ಷೆಯಲ್ಲಿ ಆ ದೇಶ ಎಲ್ಲಿದೆಯೆಂದು ತಿಳಿಯದ ಇಂಗ್ಲಿಷ್ ಹುಡುಗನಿಗೂ ಪೂಮ್ ಗೊತ್ತಿದ್ದರು.

ಎರಡನೆಯ ಕಾರಣ ಅವರು ಕಷ್ಟದ ತಂಡಗಳನ್ನು ಸಂಕಟದ ಹೊತ್ತಿನಲ್ಲಿ ಕಾಯ್ದದ್ದು. ಸೋಲುವ ತಂಡದ ಅಭಿಮಾನಿಗೆ ಕಪ್ ಬೇಕಿಲ್ಲ. ತನ್ನಂತೆಯೇ ಸೋಲನ್ನು ಒಪ್ಪಿಕೊಳ್ಳದವನೊಬ್ಬ ಮೈದಾನದಲ್ಲಿದ್ದಾನೆಂಬ ಭರವಸೆ ಬೇಕು. ಮೂರನೆಯದು ಅವರ ನಡತೆ. ಅವಕಾಶ ಸಿಗದಿದ್ದಾಗ ಮರಳಿ ಮೊದಲಿನಿಂದ ಆರಂಭಿಸಿದರು, ಬೆಂಚಿನ ಮೇಲಿದ್ದಾಗಲೂ ಅಭ್ಯಾಸ ಬಿಡಲಿಲ್ಲ, ಬಿಟ್ಟುಬಂದ ಊರನ್ನು ಹೀಯಾಳಿಸಲಿಲ್ಲ.

ಮುಂದುವರಿದ ಪರಂಪರೆ

ನಿವೃತ್ತಿಯ ನಂತರ ಪೂಮ್ ತರಬೇತಿಯತ್ತ ತಿರುಗಿ, ರಾಷ್ಟ್ರೀಯ ತಂಡದ ಗೋಲ್‌ಕೀಪರ್‌ಗಳನ್ನು ತಿದ್ದುವ ಹೊಣೆ ಹೊತ್ತರು. 2012ರ ಯೂರೋ ಕಪ್ ಅರ್ಹತಾ ಸುತ್ತಿನಲ್ಲಿ ಎಸ್ಟೋನಿಯಾ ಎಂದೂ ಇಲ್ಲದಷ್ಟು ಮುಂದೆ ಸಾಗಿ 2011ರ ನವೆಂಬರ್‌ನಲ್ಲಿ ಪ್ಲೇ ಆಫ್ ತಲುಪಿತು. ಐರ್ಲೆಂಡ್ ಎದುರು ಟಾಲಿನ್‌ನಲ್ಲಿ 0-4ರಿಂದ ಸೋತು, ಡಬ್ಲಿನ್‌ನಲ್ಲಿ 1-1 ಡ್ರಾ ಮಾಡಿಕೊಂಡು ಹಿಂದಿರುಗಿತು. ಹತ್ತಕ್ಕೆ ಹತ್ತು ಸೋತಿದ್ದ ತಂಡ ಒಂದೂವರೆ ದಶಕದಲ್ಲಿ ಯೂರೋಪಿನ ಹೊಸ್ತಿಲವರೆಗೆ ಬಂದಿತ್ತೆಂಬುದು ಸಣ್ಣ ಮಾತಲ್ಲ.

ಅವರು ತೆರೆದ ದಾರಿಯಲ್ಲಿ ಇತರರೂ ನಡೆದರು. ರಕ್ಷಣಾ ಆಟಗಾರ ರಾಗ್ನಾರ್ ಕ್ಲಾವನ್ ಲಿವರ್‌ಪೂಲ್ ಸೇರಿ, 2018ರ ಜನವರಿ 1ರಂದು ಬರ್ನ್‌ಲಿ ವಿರುದ್ಧ ಕೊನೆಯ ಕ್ಷಣಗಳಲ್ಲಿ ಗೆಲುವಿನ ಗೋಲು ಹೊಡೆದರು. ಪ್ರೀಮಿಯರ್ ಲೀಗಿನಲ್ಲಿ ಎಸ್ಟೋನಿಯನ್ ಒಬ್ಬ ಹೊಡೆದ ಮೊದಲ ಗೋಲು ಅದು. 2002ರಲ್ಲಿ ಜನಿಸಿದ ಗೋಲ್‌ಕೀಪರ್ ಕಾರ್ಲ್ ಹೈನ್ ಹದಿಹರೆಯದಲ್ಲಿಯೇ ಆರ್ಸೆನಲ್ ಸೇರಿ, 2022ರ ನವೆಂಬರ್‌ನಲ್ಲಿ ಲೀಗ್ ಕಪ್ ಪಂದ್ಯವೊಂದರಲ್ಲಿ ಅದರ ಗೋಲು ಕಾಯ್ದರು. ಪೂಮ್ ಅವರ ಪುತ್ರ ಮಾರ್ಕಸ್ ಪೂಮ್ ಕೂಡ ಫ್ಲೋರಾ ಪರ ಆಡಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದವರು. ಆದರೆ ಮಗ ಆರಿಸಿಕೊಂಡದ್ದು ಗೋಲಿನ ಕಾವಲನ್ನಲ್ಲ, ಮಧ್ಯಮೈದಾನವನ್ನು.

ಟಿಪ್ನರ್ ಅವರ ಹೆಸರಿನಲ್ಲಿ ಎಸ್ಟೋನಿಯಾ ಒಂದು ಕಪ್ ಇಟ್ಟುಕೊಂಡಿದೆ. ಪೂಮ್ ಹೆಸರನ್ನು ಉಳಿಸಲು ಅಂಥದೊಂದು ಬೇಕಾಗಲಿಕ್ಕಿಲ್ಲ. ಟಾಲಿನ್‌ನವರು ಅವರನ್ನು ನೆನೆದರೆ 1992ರ ಆ ಮೊದಲ ಪಂದ್ಯದಿಂದ ಮಾತು ಆರಂಭವಾಗುತ್ತದೆ. ಡರ್ಬಿಯವರು ನೆನೆದರೆ ಓಲ್ಡ್ ಟ್ರ್ಯಾಫರ್ಡ್‌ನ ಗೆಲುವಿನಿಂದ ಆರಂಭಿಸಿ, ತಮ್ಮದೇ ಅಂಗಳದಲ್ಲಿ ತಮ್ಮ ಗೆಲುವನ್ನು ಕಸಿದ ಆ ಸೆಪ್ಟೆಂಬರ್ ಶನಿವಾರಕ್ಕೆ ಬಂದು ನಿಲ್ಲುತ್ತಾರೆ. ಅದನ್ನು ಹೇಳುವಾಗಲೂ ಅವರ ಮಾತಿನಲ್ಲಿ ಮುನಿಸು ಇರುವುದಿಲ್ಲ.